'ಇಲ್ಲ' ಬಿಟ್ಟುಹೋದ ನೋಟ್ಸ್

ಕೆಎಎಸ್ ಪರೀಕ್ಷೆಗೆ ಅಂತ ಹಾಸನದ ಬಿ.ಎಂ. ರಸ್ತೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ 'ರಾಷ್ಟ್ರೀಯ ಭದ್ರತೆ' ನೋಟ್ಸ್ ತಗೊಂಡೆ. 94 ಪುಟ, ಸ್ಪೈರಲ್ ಬೈಂಡಿಂಗ್, 160 ರೂಪಾಯಿ. ಬೇಲೂರು ಬಸ್ಸಲ್ಲಿ ಕೂತು ತೆಗೆದರೆ, ಹಗರೆ ದಾಟುವಷ್ಟರಲ್ಲಿ ಕೊನೆ ಹಾಳೆ ಕಳಚಿ ಕೈಗೆ ಬಂತು.

ಅದು ಬಿಡಿ. 31ನೇ ಪುಟದಲ್ಲಿ ಹೀಗಿದೆ: "ಭಾರತವು ಅಣ್ವಸ್ತ್ರವನ್ನು ತಾನಾಗಿ ಮೊದಲು ಬಳಸುವುದು." ಟೈಪ್ ಮಾಡಿದವರು 'ಇಲ್ಲ' ನುಂಗಿಬಿಟ್ಟಿದ್ದಾರೆ! 2003ರ ಜನವರಿ 4ರಂದು ಕೇಂದ್ರ ಸಂಪುಟದ ಭದ್ರತಾ ಸಮಿತಿ ಪ್ರಕಟಿಸಿದ ನೀತಿಯ ಜೀವವೇ ಆ 'ಇಲ್ಲ'. ನಾವಾಗಿ ಮೊದಲು ಹಾಕಲ್ಲ, ನಮ್ಮ ಮೇಲೆ ಹಾಕಿದರೆ ತಾಳಲಾರದಂಥ ಏಟು ಕೊಡ್ತೀವಿ ಅನ್ನೋದು ಲೆಕ್ಕ. ಮೊದಲ ಏಟು ತಿಂದ ಮೇಲೂ ತಿರುಗಿ ಹೊಡೆಯಲು ಏನಾದರೂ ಉಳಿದಿರಬೇಕಲ್ವಾ? ಅದಕ್ಕೇ ಸಮುದ್ರದೊಳಗೆ ಅಡಗಿರುವ ಅರಿಹಂತ್ ಜಲಾಂತರ್ಗಾಮಿ. 40ನೇ ಪುಟದಲ್ಲಿ ಇದನ್ನೆಲ್ಲ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೆ 31ನ್ನು ನಂಬಿದವರಿಗೆ 40 ತಲೆಬುಡ ಅರ್ಥವಾಗಲ್ಲ. ಜೈವಿಕ, ರಾಸಾಯನಿಕ ಅಸ್ತ್ರದಿಂದ ದೊಡ್ಡ ದಾಳಿಯಾದರೆ ಅಣ್ವಸ್ತ್ರದಿಂದಲೇ ಉತ್ತರ ಕೊಡುವ ಹಕ್ಕು ಉಳಿಸಿಕೊಂಡಿದ್ದೇವೆ ಅನ್ನೋ ಮಾತಂತೂ ಪುಸ್ತಕದಲ್ಲೇ ಇಲ್ಲ.

ನನಗೆ ಇಷ್ಟವಾಗಿದ್ದು ಅಪ್ಪಣೆ ಕೊಡೋರು ಯಾರು ಅನ್ನೋ ಪುಟ. ಪ್ರಧಾನಿ ಅಧ್ಯಕ್ಷರಾಗಿರುವ ರಾಜಕೀಯ ಮಂಡಳಿಗೆ ಮಾತ್ರ ಆ ಅಧಿಕಾರ. ರಾಷ್ಟ್ರೀಯ ಭದ್ರತಾ ಸಲಹೆಗಾರರು ಅಧ್ಯಕ್ಷರಾಗಿರುವ ಕಾರ್ಯಕಾರಿ ಮಂಡಳಿ ಸಲಹೆ ಕೊಡುತ್ತದೆ, ಸೇನೆ ಅಪ್ಪಣೆ ಪಾಲಿಸುತ್ತದೆ. ಅಂದರೆ ಕೊನೆಗೆ ನಾವು ಆರಿಸಿ ಕಳಿಸಿದವರ ಕೈಯಲ್ಲೇ ಇದೆ. ಆದರೆ ಓಟು ಹಾಕುವ ನಮಗೆ ಪೂರ್ತಿ ನೀತಿ ಓದಲು ಸಿಕ್ಕಿಲ್ಲ, ಹೊರಗೆ ಬಂದದ್ದು ಚಿಕ್ಕ ಸಾರಾಂಶ. ಗುಟ್ಟು ಎಷ್ಟಿರಬೇಕು, ಜನಕ್ಕೆ ಎಷ್ಟು ಹೇಳಬೇಕು? ಮುಖ್ಯ ಪರೀಕ್ಷೆಗೆ ಬರಬಹುದಾದ ಪ್ರಶ್ನೆ. ಅದಕ್ಕೆ ಒಂದು ಸಾಲೂ ಇಲ್ಲ. ಅದೇ ದುಡ್ಡಲ್ಲಿ ಮುಖಪುಟಕ್ಕೆ ಬಣ್ಣದ ಕ್ಷಿಪಣಿ ಮಾತ್ರ ಹಾಕಿದ್ದಾರೆ.

ಹೊಸದಾಗಿ ಗೊತ್ತಾದದ್ದೂ ಇದೆ. ಭಾರತ, ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ರಂದು ತಮ್ಮ ಅಣುಸ್ಥಾವರಗಳ ಪಟ್ಟಿ ಅದಲುಬದಲು ಮಾಡಿಕೊಳ್ಳುತ್ತವೆ, ಇವುಗಳ ಮೇಲೆ ದಾಳಿ ಮಾಡಬೇಡಿ ಅಂತ. ಎಷ್ಟೇ ಜಗಳವಾಡಿದರೂ ಇದು ಮಾತ್ರ ನಿಂತಿಲ್ಲ.

ಮರುವಾರ ಅಂಗಡಿಗೆ ಹೋಗಿ ತಪ್ಪು ತೋರಿಸಿದೆ. "ಒಂದಕ್ಷರ ತಾನೇ ಮೇಡಂ, ಪೆನ್ನಲ್ಲಿ ಸೇರಿಸ್ಕೊಳ್ಳಿ" ಅಂತ ಪೆನ್ನು ಕೊಟ್ಟರು. ಕಳಚಿದ ಹಾಳೆಯನ್ನು ದುಡ್ಡಿಲ್ಲದೆ ಸೇರಿಸಿಕೊಟ್ಟರು, ಅದಕ್ಕೇ ಈ ನೋಟ್ಸಿಗೆ ಐದಕ್ಕೆ ಮೂರು ಅಂಕ. ಕೌಂಟರ್ ಮೇಲೆ ಅದೇ ನೋಟ್ಸಿನ ದೊಡ್ಡ ಕಟ್ಟಿತ್ತು. ಅವರು ಫೋನಲ್ಲಿದ್ದಾಗ ಮೇಲಿನ ನಾಲ್ಕರಲ್ಲೂ ತಿದ್ದಿದೆ. ನೀವು ಕೊಂಡ ಪ್ರತಿಯ 31ನೇ ಪುಟದಲ್ಲಿ ನೀಲಿ ಇಂಕಿನ 'ಇಲ್ಲ' ಕಂಡರೆ ಅದು ನನ್ನದೇ ಅಕ್ಷರ.