‘ನ್ಯಾಚೆಜ್’ ಪ್ಲಾನ್ ಕೊಳ್ಳುವ ಮುಂಚೆ ಚಕ್ರ ಎಲ್ಲಿದೆ ನೋಡಿ

ಹನ್ನೊಂದು ತಿಂಗಳು ಕೂತು ಕಟ್ಟಿದ್ದು ತಪ್ಪು ಬೋಟು ಅಂತ ನನಗೆ ಗೊತ್ತಾದದ್ದು ಒಂದು ಸಣ್ಣ ಪ್ರಶ್ನೆಯಿಂದ. ಮರದ ಮಾಡೆಲ್ ಕಟ್ಟುವುದರಲ್ಲಿ ಪಳಗಿದ ಹಿರಿಯರೊಬ್ಬರು ಮನೆಗೆ ಬಂದಿದ್ದರು. ಮೇಜಿನ ಮೇಲಿದ್ದ ನನ್ನ ಸ್ಟೀಮ್‌ಬೋಟನ್ನು ಒಂದು ಸುತ್ತು ಬಂದರು. ಕನ್ನಡಕ ಹಣೆಗೇರಿಸಿ, ಬಗ್ಗಿ, ರೇಲಿಂಗಿನ ಒಂದೊಂದು ಕಂಬವನ್ನೂ ನೋಡಿದರು.

“ಕೈಕೆಲಸ ಚೆನ್ನಾಗಿದೆ. ಯಾವ ಬೋಟಪ್ಪ ಇದು?”

“ನ್ಯಾಚೆಜ್ ಸಾರ್. 1870ರ ರೇಸಿನಲ್ಲಿ ಓಡಿತಲ್ಲ, ಅದು.”

“ಹೌದಾ? ಹಾಗಿದ್ರೆ ಚಕ್ರ ಯಾಕೆ ಹಿಂದಿದೆ?”

ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. ಅಮೆರಿಕದ ಮಿಸಿಸಿಪ್ಪಿ ನದಿಯ ಬೋಟು ಅಂದರೆ ಮುಂದೆ ಎರಡು ಎತ್ತರದ ಚಿಮಣಿ, ಹಿಂದೆ ನೀರು ತಳ್ಳಿ ಬೋಟು ಓಡಿಸುವ ಒಂದು ದೊಡ್ಡ ಕೆಂಪು ಚಕ್ರ, ಅಲ್ವಾ? ಆದರೆ ಆ ರೇಸಿನ ಎರಡೂ ಬೋಟುಗಳಿಗೆ ಚಕ್ರ ಇದ್ದದ್ದು ಪಕ್ಕದಲ್ಲಿ, ಎಡಕ್ಕೊಂದು ಬಲಕ್ಕೊಂದು. 1870ರ ಜೂನ್ 30ರಂದು ನ್ಯೂ ಆರ್ಲಿಯನ್ಸ್ ಬಿಟ್ಟು ಸೇಂಟ್ ಲೂಯಿಸ್‌ವರೆಗೆ ಹೊಳೆಯ ಸೆಳೆತಕ್ಕೆ ಎದುರಾಗಿ ಓಡಿದವು. ಜಾನ್ ಕ್ಯಾನನ್ ಕ್ಯಾಪ್ಟನ್ ಆಗಿದ್ದ ‘ರಾಬರ್ಟ್ ಇ. ಲೀ’ 3 ದಿನ 18 ಗಂಟೆ 14 ನಿಮಿಷದಲ್ಲಿ ಗುರಿ ಮುಟ್ಟಿತು. ಥಾಮಸ್ ಲೆದರ್ಸ್‌ನ ‘ನ್ಯಾಚೆಜ್’ ಸೋತಿತು. ಇದೆಲ್ಲ ನನಗೆ ಬಾಯಿಪಾಠ. ಗಂಟೆ, ನಿಮಿಷ ಎಲ್ಲ ಗೊತ್ತಿತ್ತು, ಚಕ್ರ ಎಲ್ಲಿತ್ತು ಅಂತ ಮಾತ್ರ ಗೊತ್ತಿರಲಿಲ್ಲ. ಆ ಕಾಲದಲ್ಲೇ ಅಚ್ಚಾದ ರೇಸಿನ ಚಿತ್ರಗಳಲ್ಲಿ ಬೋಟಿನ ಪಕ್ಕೆಗೆ ಅರ್ಧಚಂದ್ರದಂಥ ದೊಡ್ಡ ಚಕ್ರದ ಗೂಡು ಎದ್ದು ಕಾಣುತ್ತದೆ. ನಾನೂ ಆ ಚಿತ್ರ ಎಷ್ಟೋ ಸಲ ನೋಡಿದ್ದೆ. ಕಣ್ಣು ಚಿಮಣಿಯ ಹೊಗೆಯ ಮೇಲೇ ಇತ್ತು.

ಪ್ಲಾನ್ ಕೊಂಡದ್ದು ಆನ್‌ಲೈನಿನಲ್ಲಿ. ಮಾರಿದವನ ಹೆಸರು ಇಲ್ಲಿ ಬೇಡ. ‘ನ್ಯಾಚೆಜ್, 1869, ಸ್ಕೇಲ್ 1:96’ ಅಂತ ಹಾಕಿದ್ದ, ಅಂದರೆ ನಿಜವಾದ ಬೋಟಿನ 96ರಲ್ಲಿ ಒಂದು ಪಾಲು. ಪ್ಲಾನನ್ನು ಡೌನ್‌ಲೋಡ್ ಮಾಡಿ ನಾವೇ ಪ್ರಿಂಟ್ ತೆಗೆದುಕೊಳ್ಳಬೇಕು. ಕ್ಯಾಬಿನ್ ಗೋಡೆ, ರೇಲಿಂಗು, ಚಕ್ರದ ಭಾಗಗಳು ಲೇಸರಿನಲ್ಲಿ ಕತ್ತರಿಸಿದ ಪ್ಲೈವುಡ್ ಹಾಳೆಗಳಾಗಿ ಪೋಸ್ಟಿನಲ್ಲಿ ಬರುತ್ತವೆ. ತಳ ಮತ್ತು ಡೆಕ್ಕುಗಳನ್ನು ಪ್ಲಾನಿನ ಮೇಲೆ ಗೆರೆ ಎಳೆದು ಮೆದು ಮರವಾದ ಬಾಸ್‌ವುಡ್‌ನಲ್ಲಿ ನಾವೇ ಕೊಯ್ದುಕೊಳ್ಳಬೇಕು. ಜಾಹೀರಾತಿನ ಜೊತೆ ಇದ್ದ ಮಾಡೆಲ್ ಫೋಟೋ ನೋಡಿಯೇ ನಾನು ಮರುಳಾದದ್ದು. ಅಷ್ಟು ಚೆಂದ ಇತ್ತು. ಆ ಫೋಟೋದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲ ಹೊಡೆತ ಮಾತ್ರ ನನ್ನದೇ ತಪ್ಪು, ಮುಚ್ಚಿಡುವುದಿಲ್ಲ. ಪ್ರಿಂಟ್ ತೆಗೆಯುವಾಗ ‘ಪುಟಕ್ಕೆ ಹೊಂದಿಸು’ ಅನ್ನುವ ಆಯ್ಕೆ ಹಾಗೇ ಬಿಟ್ಟಿದ್ದೆ. ಪ್ರಿಂಟರ್ ಸುಮ್ನೆ ಎಲ್ಲವನ್ನೂ ಸ್ವಲ್ಪ ಕುಗ್ಗಿಸಿಬಿಟ್ಟಿತು. ಹಾಳೆಗಳನ್ನು ಅಂಟಿಸಿ, ಗೆರೆ ಎಳೆದು, ತಳ ಕೊಯ್ದು, ಪಟ್ಟಿ ಬಡಿದು, ಡೆಕ್ ಕೂರಿಸುವ ಹೊತ್ತಿಗೆ ಏಳು ವಾರ ಕಳೆದಿತ್ತು. ಆಮೇಲೆ ಲೇಸರ್ ಹಾಳೆಯಿಂದ ಉದ್ದದ ಕ್ಯಾಬಿನ್ ಗೋಡೆ ಬಿಡಿಸಿ ಡೆಕ್ಕಿನ ಮೇಲಿಟ್ಟರೆ ಹಿಂದೆ ಮೂರು ಸೆಂಟಿಮೀಟರ್ ಚಾಚಿಕೊಂಡಿತು. ಹಾಳೆಯೇ ತಪ್ಪು ಅಂತ ಮಾರಾಟಗಾರನಿಗೆ ಖಾರವಾಗಿಯೇ ಬರೆದೆ. ಅವನು ಒಂದೇ ಸಾಲು ಉತ್ತರ ಕೊಟ್ಟ: ಪ್ಲಾನಿನ ಮೂಲೆಯಲ್ಲಿರುವ ಅಳತೆಗೆರೆ ನೋಡಿ. 100 ಮಿಲಿಮೀಟರ್ ಅಂತ ಬರೆದಿದ್ದ ಗೆರೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟೆ. 96 ಇತ್ತು. 84 ಸೆಂಟಿಮೀಟರ್ ಆಗಬೇಕಿದ್ದ ಡೆಕ್ಕು 81ರ ಹತ್ತಿರಕ್ಕೆ ಬಂದು ನಿಂತಿತ್ತು. ಕ್ಷಮೆ ಕೇಳಿ, ತಳವನ್ನು ಮತ್ತೆ ಮೊದಲಿಂದ ಕಟ್ಟಿದೆ. ಮೊದಲ ಪುಟ ಹೊರಗೆ ಬಂದ ಕೂಡಲೇ ಆ ಗೆರೆ ಅಳೆಯಿರಿ. ಎಲ್ಲ ಪುಟಗಳಲ್ಲೂ ಅಳೆಯಿರಿ, ಅದೂ ಅಡ್ಡಕ್ಕೆ ಮತ್ತು ಉದ್ದಕ್ಕೆ ಎರಡೂ ಕಡೆ.

ಈ ಘಟನೆಯಿಂದ ಇನ್ನೊಂದು ಅನಾಹುತವೂ ಆಯಿತು. ಒಮ್ಮೆ ನಾನೇ ತಪ್ಪು ಅಂತ ಸಾಬೀತಾದ ಮೇಲೆ ಅವನ ಪ್ಲಾನನ್ನು ಪ್ರಶ್ನಿಸುವ ಧೈರ್ಯವೇ ಹೋಯಿತು. ಮುಂದೆ ಕಂಡ ತಪ್ಪುಗಳನ್ನೆಲ್ಲ ‘ನನಗೇ ಗೊತ್ತಾಗುತ್ತಿಲ್ಲವೇನೋ’ ಅಂತ ನುಂಗಿಕೊಂಡೆ.

ಬಾಯ್ಲರುಗಳ ವಿಷಯವನ್ನೇ ತೆಗೆದುಕೊಳ್ಳಿ. ಈ ಬೋಟುಗಳಲ್ಲಿ ‘ಬಾಯ್ಲರ್ ಡೆಕ್’ ಅಂತ ಒಂದು ಮಹಡಿ ಇರುತ್ತದೆ. ಹೆಸರು ಹಾಗಿದ್ದರೂ ಅಲ್ಲಿ ಬಾಯ್ಲರ್ ಇರುವುದಿಲ್ಲ. ಬಾಯ್ಲರ್, ಸೌದೆ, ಇಂಜಿನ್, ಸರಕು ಎಲ್ಲ ಕೆಳಗೆ ಮೇನ್ ಡೆಕ್ಕಿನಲ್ಲಿ. ಬಾಯ್ಲರುಗಳ ನೆತ್ತಿಯ ಮೇಲಿರುವ ಮಹಡಿಗೆ ಬಾಯ್ಲರ್ ಡೆಕ್ ಅನ್ನುತ್ತಾರೆ. ಅಲ್ಲಿರುವುದು ಪ್ರಯಾಣಿಕರ ಕೋಣೆಗಳು. ಅದರ ಚಾವಣಿ ಹರಿಕೇನ್ ಡೆಕ್. ಅದರ ಮೇಲೆ ಬೋಟಿನ ಅಧಿಕಾರಿಗಳು ಇರುವ ‘ಟೆಕ್ಸಾಸ್’ ಕ್ಯಾಬಿನ್, ಇನ್ನೂ ಮೇಲೆ ಪೈಲಟ್ ಹೌಸ್. ನನ್ನ ಪ್ಲಾನು ಬರೆದ ಪುಣ್ಯಾತ್ಮ ಹೆಸರನ್ನೇ ನಂಬಿ ಬಾಯ್ಲರುಗಳನ್ನು ಪ್ರಯಾಣಿಕರ ಮಹಡಿಗೆ ಹತ್ತಿಸಿದ್ದ. ಪ್ರಯಾಣಿಕರು ಎಲ್ಲಿ ಮಲಗಬೇಕೋ ಕಾಣೆ.

ಎರಡನೆಯದು ಕ್ರ್ಯಾಂಕು, ಅಂದರೆ ಚಕ್ರದ ಅಚ್ಚನ್ನು ತಿರುಗಿಸುವ ಹಿಡಿ. ಹಿಂದೆ ಚಕ್ರವಿರುವ ಬೋಟಿನಲ್ಲಿ ಎಡಬಲ ಒಂದೊಂದು ಇಂಜಿನ್ ಇರುತ್ತದೆ. ಪ್ರತಿ ಇಂಜಿನ್ನಿನಿಂದ ‘ಪಿಟ್‌ಮನ್’ ಅನ್ನುವ ಉದ್ದನೆಯ ಮರದ ತೋಳು ಬಂದು ಚಕ್ರದ ಅಚ್ಚಿನ ತುದಿಯ ಕ್ರ್ಯಾಂಕಿಗೆ ಸೇರುತ್ತದೆ. ಎರಡು ಕ್ರ್ಯಾಂಕುಗಳ ನಡುವೆ 90 ಡಿಗ್ರಿ ಅಂತರ ಇಡುತ್ತಾರೆ. ಒಂದು ಕಡೆಯ ಪಿಸ್ಟನ್ ತುದಿ ಮುಟ್ಟಿ ತಳ್ಳಲಾರದೆ ನಿಂತಾಗ ಇನ್ನೊಂದು ಕಡೆಯದು ಪೂರ್ತಿ ಬಲದಲ್ಲಿ ತಳ್ಳುತ್ತಿರಬೇಕಲ್ಲ, ಅದಕ್ಕೆ. ಎರಡೂ ಒಂದೇ ಕೋನದಲ್ಲಿದ್ದರೆ ಆ ತುದಿಯಲ್ಲಿ ನಿಂತ ಚಕ್ರವನ್ನು ಮತ್ತೆ ಹೊರಡಿಸುವುದು ಯಾವ ಇಂಜಿನ್ನಿಗೂ ಆಗದು. ಪ್ಲಾನಿನಲ್ಲಿ ಎರಡೂ ಕ್ರ್ಯಾಂಕು ಕವಾಯತಿಗೆ ನಿಂತವರ ಹಾಗೆ ಒಂದೇ ಕಡೆಗೆ ನೋಡುತ್ತಿದ್ದವು. ನಾನು ಹಾಗೇ ಅಂಟಿಸಿದೆ.

ಹಾಗ್ ಚೈನ್ ಅಂತೂ ಇರಲೇ ಇಲ್ಲ. ಹೆಸರು ಚೈನ್ ಆದರೂ ಅವು ಕಬ್ಬಿಣದ ಸರಳುಗಳು. ಈ ಬೋಟುಗಳ ತಳ ಉದ್ದ, ಚಪ್ಪಟೆ, ತೆಳು. ನೀರು ಕಡಿಮೆ ಇರುವ ಕಡೆಯೂ ಹೋಗಬೇಕಲ್ಲ. ಮುಂದೆ ಬಾಯ್ಲರ್ ಭಾರ, ಹಿಂದೆ ಚಕ್ರದ ಭಾರ. ಎರಡು ತುದಿ ಜೋತು ನಡು ಉಬ್ಬಿಬಿಡುತ್ತದೆ. ಅದನ್ನು ತಡೆಯಲು ತಳದಿಂದ ಸರಳುಗಳನ್ನು ಎಬ್ಬಿಸಿ, ಕಂಬಗಳ ತಲೆ ಹಾಯಿಸಿ, ಮತ್ತೆ ತಳಕ್ಕೆ ಇಳಿಸಿ ಬಿಗಿಯುತ್ತಿದ್ದರು. ಹಿಂಚಕ್ರದ ಹಳೆಯ ಬೋಟಿನ ಪ್ಲಾನಿನಲ್ಲಿ ಇದು ಕಾಣದಿದ್ದರೆ ಬರೆದವನಿಗೆ ಬೋಟು ಗೊತ್ತಿಲ್ಲ ಅಂತಲೇ ಲೆಕ್ಕ.

ಇನ್ನು ಅಂಟು, ಬಣ್ಣದ ಕತೆ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಡೆಕ್ಕಿನ ಮೇಲ್ಮೈಗೆ ಮಾತ್ರ ಬಣ್ಣ ಹೊಡೆದೆ, ಬೆಳಗ್ಗೆ ನೋಡಿದರೆ ಹಪ್ಪಳದಂತೆ ಸೊಟ್ಟಗಾಗಿತ್ತು. ತೆಳು ಹಲಗೆಗೆ ಎರಡೂ ಕಡೆ ಬಳಿಯಬೇಕು. ಲೇಸರಿನ ಅಂಚಿನ ಕರಿ ಉಜ್ಜದೆ ಅಂಟಿಸಿದ ರೇಲಿಂಗು ಒಂದೊಂದಾಗಿ ಉದುರಿತು. ಕ್ಯಾಬಿನ್ ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆಯನ್ನು ಸೂಪರ್ ಗ್ಲೂನಲ್ಲಿ ಅಂಟಿಸಿದೆ, ಅದರ ಆವಿ ತಾಗಿ ಎಲ್ಲವೂ ಬೆಳ್ಳಗೆ ಮಬ್ಬಾದವು. ರೇಸಿನ ದಿನಗಳಲ್ಲಿ ನಿಜವಾದ ನ್ಯಾಚೆಜನ್ನೂ ಮಂಜು ಕವಿದು ತಡೆದಿತ್ತಂತೆ. ನನ್ನ ಮಾಡೆಲ್ಲಿಗೂ ರೇಸಿನ ಬೋಟಿಗೂ ಇದ್ದ ಹೋಲಿಕೆ ಅದೊಂದೇ.

ಆ ಹಿರಿಯರು ಹೋದ ಮೇಲೆ ರಾತ್ರಿ ಕೂತು ಒಂದು ಗುಣಾಕಾರ ಮಾಡಿದೆ. ಮೊದಲ ದಿನವೇ ಮಾಡಬೇಕಿತ್ತು. ಪ್ಲಾನಿನಲ್ಲಿ ಬೋಟಿನ ಉದ್ದ 84.1 ಸೆಂಟಿಮೀಟರ್. 96ರಿಂದ ಗುಣಿಸಿದರೆ ಸುಮಾರು 80.7 ಮೀಟರ್, ಅಂದರೆ 265 ಅಡಿ. ಈ ಅಳತೆಯ ನ್ಯಾಚೆಜ್ ಒಂದು ನಿಜವಾಗಿಯೂ ಇದೆ. ಅದು 1975ರಲ್ಲಿ ನೀರಿಗಿಳಿದದ್ದು. ಉಕ್ಕಿನ ತಳ, ಹಿಂದೆ ಚಕ್ರ, ನ್ಯೂ ಆರ್ಲಿಯನ್ಸ್‌ನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಬೋಟು. ಅದರ ಇಂಜಿನ್‌ಗಳನ್ನು 1925ರ ‘ಕ್ಲೇರ್ಟನ್’ ಅನ್ನುವ ಬೋಟಿನಿಂದ ತೆಗೆದು ಕೂರಿಸಿದ್ದು. ಒಳ್ಳೆಯ ಬೋಟೇ, ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನ್ಯಾಚೆಜ್ ಹೆಸರಿನಲ್ಲಿ ಒಂದಾದ ಮೇಲೊಂದು ಹಲವು ಬೋಟುಗಳು ಬಂದಿವೆ, ರೇಸಿನಲ್ಲಿ ಓಡಿದ್ದು ಆರನೆಯದು, ಇದು ಒಂಬತ್ತನೆಯದು. ಮಾರಾಟಗಾರ ಈಗಿನ ಬೋಟಿನ ಫೋಟೋಗಳನ್ನು ನೋಡಿ ಪ್ಲಾನ್ ಬರೆದು, ಹಾಗ್ ಚೈನ್ ಬಿಟ್ಟು, ಬಾಯ್ಲರಿನಂಥ ತಿಳಿಯದ ಜಾಗದಲ್ಲೆಲ್ಲ ಮನಸ್ಸಿಗೆ ಬಂದದ್ದು ತುಂಬಿ, ತಲೆಯ ಮೇಲೆ 1869 ಅಂತ ಅಂಟಿಸಿದ್ದ.

ಚಕ್ರ ಕಿತ್ತು ಪಕ್ಕಕ್ಕೆ ಹಾಕಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ನಾನೂ ಎರಡು ದಿನ ಅದನ್ನೇ ಯೋಚಿಸಿದೆ. ಆಗುವುದಿಲ್ಲ. ಹಿಂಚಕ್ರದ ಬೋಟಿನ ತಳ ಹಿಂದಕ್ಕೆ ಹೋಗಿ ಮೊಂಡಾಗಿ ನಿಲ್ಲುತ್ತದೆ. ಚಕ್ರವನ್ನು ಹೊರಲು ಎರಡು ದಪ್ಪ ತೊಲೆಗಳು ಅಲ್ಲಿಂದ ಹೊರಗೆ ಚಾಚಿರುತ್ತವೆ, ಚಕ್ರದ ಮುಂದೆ ಸಾಲಾಗಿ ಚುಕ್ಕಾಣಿಗಳು. ಪಕ್ಕಚಕ್ರದ್ದು ಹಿಂದೆ ಚೂಪಾಗುತ್ತಾ ಹೋಗುತ್ತದೆ. ಅದರ ಡೆಕ್ಕು ನಡುವಿನಲ್ಲಿ ತಳಕ್ಕಿಂತ ಎಷ್ಟೋ ಅಗಲಕ್ಕೆ ಹೊರಗೆ ಚಾಚಿ ಚಕ್ರಗಳನ್ನು ಸುತ್ತುವರಿಯುತ್ತದೆ. ಒಂದೊಂದು ಚಕ್ರಕ್ಕೆ ಬೇರೆ ಇಂಜಿನ್, ಒಂದನ್ನು ಮುಂದಕ್ಕೆ ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ಇಡೀ ಬೋಟನ್ನು ನಿಂತಲ್ಲೇ ಹೊರಳಿಸಬಹುದಿತ್ತು. ಹುಟ್ಟಿನಿಂದಲೇ ಬೇರೆ ಜಾತಿ. ಹನ್ನೊಂದು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮಾರಾಟಗಾರನಿಗೆ ಬರೆದೆ. ಈ ಸಲ ಮರ್ಯಾದೆಯಾಗಿಯೇ, ಚಿತ್ರ, ಅಳತೆ ಎಲ್ಲ ಜೋಡಿಸಿ ಬರೆದೆ. ಮೊದಲ ಉತ್ತರ: “ಇದು ಕಲಾತ್ಮಕ ರೂಪ.” ಎರಡನೆಯದು: “ಹಾಳೆ ಬಿಡಿಸಿದ ಮೇಲೆ ವಾಪಸ್ ಇಲ್ಲ.” ಮೂರನೆಯದು ಬರಲೇ ಇಲ್ಲ. ಸ್ವಲ್ಪ ಕಡಿಮೆಗೆ ಸಿಗುತ್ತದೆ ಅಂತ ದುಡ್ಡನ್ನು ಅವನ ಖಾತೆಗೇ ನೇರವಾಗಿ ಹಾಕಿದ್ದೆ. ಅಂಗಡಿ ಜಾಲತಾಣದ ಮೂಲಕ ಕಟ್ಟಿದ್ದರೆ ಕನಿಷ್ಠ ದೂರು ಕೊಡಲು ಒಂದು ಬಾಗಿಲಾದರೂ ಇರುತ್ತಿತ್ತು.

ಈಗ ಆ ಫೋಟೋ. ಮತ್ತೆ ತೆಗೆದು, ದೊಡ್ಡದು ಮಾಡಿ, ಚಕ್ರದ ಹತ್ತಿರ ನೋಡಿದೆ. ಅದರಲ್ಲಿ ಒಂದು ಕ್ರ್ಯಾಂಕು ಮೇಲಕ್ಕಿದೆ, ಇನ್ನೊಂದು ಹಿಂದಕ್ಕಿದೆ. ಸರಿಯಾದ 90 ಡಿಗ್ರಿ! ಹಾಗ್ ಚೈನ್ ಕೂಡ ನೂಲಿನಷ್ಟು ತೆಳ್ಳಗೆ, ಬಿಗಿಯಾಗಿ ಎದ್ದು ಕಾಣುತ್ತದೆ. ಅಂದರೆ ಆ ಮಾಡೆಲ್ಲು ಈ ಪ್ಲಾನಿನಿಂದ ಕಟ್ಟಿದ್ದೇ ಅಲ್ಲ. ಯಾರೋ ಬಲ್ಲವರು ಕಟ್ಟಿದ ಬೇರೆ ಬೋಟಿನ ಫೋಟೋ ಎತ್ತಿ ಹಾಕಿಕೊಂಡಿದ್ದ. ಹಾಗಾಗಿ ಕೊಳ್ಳುವ ಮುಂಚೆ ಅರ್ಧ ಕಟ್ಟಿದ ಸ್ಥಿತಿಯ ಫೋಟೋ ಕೇಳಿ, ತಳದ ಪಕ್ಕೆಲುಬು ಕಾಣುವ ಹಾಗೆ. ಮುಗಿದ ಮಾಡೆಲ್ಲಿನ ಫೋಟೋ ಯಾರದ್ದು ಬೇಕಾದರೂ ಸಿಗುತ್ತದೆ. ಬರೀ ಪಕ್ಕೆಲುಬಿನ ಫೋಟೋ, ಅದೇ ಪ್ಲಾನ್ ಹಾಳೆಯ ಮೇಲಿಟ್ಟು ತೆಗೆದದ್ದು, ಕಟ್ಟಿದವನ ಹತ್ತಿರ ಮಾತ್ರ ಇರುತ್ತದೆ.

ಮೊದಲ ಸಲ ನದಿಯ ಸ್ಟೀಮ್‌ಬೋಟ್ ಕಟ್ಟುವವರು ರೇಸಿನ ಬೋಟುಗಳ ಹಿಂದೆ ಹೋಗಲೇಬೇಡಿ ಅಂತ ನನ್ನ ಅಭಿಪ್ರಾಯ. ಹೆಸರು ದೊಡ್ಡದಾದಷ್ಟೂ ಕಲ್ಪನೆಯ ಪ್ಲಾನುಗಳು ಜಾಸ್ತಿ. ಯಾರಾದರೂ ಕೈಯಾರೆ ಅಳೆದ ಬೋಟು ಹಿಡಿಯಿರಿ. ‘ಬರ್ಟ್ರಂಡ್’ ಅಂತ ಒಂದು ಹಿಂಚಕ್ರದ ಬೋಟು 1865ರ ಏಪ್ರಿಲ್ 1ರಂದು ಮಿಸೌರಿ ನದಿಯಲ್ಲಿ ಮುಳುಗಿತು. 1968ರಲ್ಲಿ ಅದರ ಜಾಗ ಪತ್ತೆಯಾಗಿ, ಮರುವರ್ಷ ಮಣ್ಣು ತೆಗೆದು ಅದರ ತಳವನ್ನು ಅಳೆದು ಚಿತ್ರಿಸಿದ್ದಾರೆ. ಆ ಕೆಲಸವನ್ನು ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ ಪ್ರಕಟಿಸಿದೆ. ಇನ್ನೂ ಸುಲಭದ ದಾರಿ ಬೇಕೆಂದರೆ 1914ರಲ್ಲಿ ‘ಐಡಲ್‌ವೈಲ್ಡ್’ ಅನ್ನುವ ಹೆಸರಿನಲ್ಲಿ ಕಟ್ಟಿದ ‘ಬೆಲ್ ಆಫ್ ಲೂಯಿವಿಲ್’ ಇದೆ. ಅದಕ್ಕೂ ಚಕ್ರ ಹಿಂದೆ, ಇವತ್ತಿಗೂ ಹಬೆಯಲ್ಲೇ ಓಡುತ್ತದೆ. ಅನುಮಾನ ಬಂದರೆ ಎಲ್ಲ ಕೋನದ ಫೋಟೋ ಸಿಗುತ್ತದೆ, ಪ್ಲಾನು ಸುಳ್ಳು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ನನ್ನ ಬೋಟು ಈಗ ಕಪಾಟಿನ ಮೇಲಿದೆ. ಹೆಸರಿನ ಹಲಗೆ ಕಿತ್ತಿದ್ದೇನೆ. ಬಲಗಡೆಯ ಕ್ರ್ಯಾಂಕನ್ನು ಬ್ಲೇಡಿನಿಂದ ಎಬ್ಬಿಸಿ 90 ಡಿಗ್ರಿಗೆ ತಿರುಗಿಸಿ ಅಂಟಿಸಿದೆ, ಅಷ್ಟಾದರೂ ಸರಿ ಇರಲಿ ಅಂತ.

ಇದನ್ನು ಇಷ್ಟು ಉದ್ದಕ್ಕೆ ಬರೆಯಲು ಕಾರಣ ಹೋದ ವಾರ ಕಂಡ ಒಂದು ಜಾಹೀರಾತು. ಅದೇ ಮಾರಾಟಗಾರ, ಅದೇ ಕದ್ದ ಫೋಟೋ, ಅದೇ 84.1 ಸೆಂಟಿಮೀಟರ್. ಹೆಸರು ಮಾತ್ರ ಬದಲಾಗಿದೆ: ‘ರೇಸ್ ಗೆದ್ದ ರಾಬರ್ಟ್ ಇ. ಲೀ’. ಚಕ್ರ ಇನ್ನೂ ಹಿಂದೆಯೇ ಇದೆ.