ಗುರುವಾರದ ಅಂಗನವಾಡಿಯೋ, ಪಿಎಚ್‌ಸಿಯೋ, ಪೇಟೆ ಕ್ಲಿನಿಕ್ಕೋ?

ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಳ್ಳಿಗಳಲ್ಲಿ ಕೂಸಿಗೆ ಲಸಿಕೆ ಹಾಕಿಸಲು ಮೂರು ಜಾಗ ಇವೆ: ಗುರುವಾರ ಸಿಸ್ಟರ್ ಬರುವ ಅಂಗನವಾಡಿ, ಪಿಎಚ್‌ಸಿ, ಪೇಟೆಯ ಮಕ್ಕಳ ಕ್ಲಿನಿಕ್. ಮೂರೂ ಕಡೆ ಹಾಕಿಸಿ ನೋಡಿದ ಮೇಲೆ ಹೇಳುವುದಾದರೆ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಸೂಜಿಗೆ ಅಂಗನವಾಡಿಯೇ ಸಾಕು. ಒಂದೂವರೆ ತಿಂಗಳಿಗೆ ಎಡತೊಡೆಗೆ ಪೆಂಟಾ (ನಾಯಿಕೆಮ್ಮು ಸೇರಿ ಐದು ರೋಗಗಳ ಲಸಿಕೆ), ಬಲತೊಡೆಗೆ ಪಿಸಿವಿ (ನ್ಯುಮೋನಿಯಾ ತಡೆಯುವುದು), ಬಲತೋಳಿನ ಚರ್ಮದೊಳಕ್ಕೆ 0.1 ಎಂ.ಎಲ್. ಪೋಲಿಯೊ. ಬಾಯಿಗೆ ಪೋಲಿಯೊ 2 ಹನಿ, ಜೊತೆಗೆ ಭೇದಿ ತಡೆಯುವ ರೋಟಾ. ಒಂದು ಪೈಸೆ ಖರ್ಚಿಲ್ಲ.

ಪಿಎಚ್‌ಸಿಯಲ್ಲೂ ಇದೇ ಲಸಿಕೆ. ಆದರೆ 9 ತಿಂಗಳ ದಡಾರ-ರುಬೆಲ್ಲಾಗೆ ಅಲ್ಲಿಗೇ ಹೋಗುವುದು ವಾಸಿ. ಪೆಂಟಾ, ಪಿಸಿವಿ ಸೀಸೆ ತೆರೆದ ಮೇಲೂ ಸರಿಯಾದ ತಂಪಿನಲ್ಲಿದ್ದರೆ 28 ದಿನ ಬಳಸಬಹುದು. ದಡಾರದ ಪುಡಿಗೆ ದ್ರವ ಬೆರೆಸಿದರೆ 4 ಗಂಟೆಯಷ್ಟೇ ಆಯಸ್ಸು, ಉಳಿದದ್ದು ಬಿಸಾಡಬೇಕು. ಹಾಗಾಗಿ ಊರಲ್ಲಿ ಆ ವಯಸ್ಸಿನ ಮಗು ಒಂದೇ ಇದ್ದರೆ "ಮುಂದಿನ ವಾರ ಬಾರಮ್ಮ" ಎನ್ನುವುದುಂಟು. ಒಂದೇ ಮಗುವಿದ್ದರೂ ಸೀಸೆ ತೆರೆಯಬೇಕು ಅನ್ನುವುದೇ ನಿಯಮ, ಕೇಳಿ ಹಾಕಿಸಿಕೊಳ್ಳಿ. ಅದೇ ದಿನ ಜೆಇ (ಮೆದುಳು ಜ್ವರದ) ಲಸಿಕೆ, ಬಾಯಿಗೆ 1 ಎಂ.ಎಲ್. ವಿಟಮಿನ್ ಎ ಕೂಡ ಆಗಬೇಕು. ಕೋಲಾರ ಹಳೇ ಕಾಲದಿಂದಲೂ ಮೆದುಳು ಜ್ವರದ ಜಿಲ್ಲೆ. ಕ್ಲಿನಿಕ್‌ನಲ್ಲೇ ಎಲ್ಲಾ ಹಾಕಿಸುವವರಿಗೆ ತಪ್ಪಿಹೋಗುವುದು ಹೆಚ್ಚಾಗಿ ಈ ಜೆಇಯೇ.

ಕ್ಲಿನಿಕ್‌ನ ಲಾಭ ಬೇರೆ. ಚಿಕನ್‌ಪಾಕ್ಸ್, ಹೆಪಟೈಟಿಸ್ ಎ, ಫ್ಲೂ, ಮಂಗನಬಾವು ಇವು ಸರ್ಕಾರಿ ಪಟ್ಟಿಯಲ್ಲಿಲ್ಲ. ದುಡ್ಡಿದ್ದರೆ ಅಲ್ಲಿ ಹಾಕಿಸಬಹುದು. ಪೆಂಟಾ ಬದಲಿಗೆ ಅಲ್ಲಿ ಹಾಕುವ "ನೋವಿಲ್ಲದ ಸೂಜಿ"ಗೆ ಸಾವಿರಾರು ರೂಪಾಯಿ ಸುರಿಯುವುದು ನಮಗೆ ಸರಿಕಾಣದು. ಜ್ವರ ಕಡಿಮೆ ಬರುತ್ತದೆ ನಿಜ, ನಾಯಿಕೆಮ್ಮಿನಿಂದ ರಕ್ಷಣೆಯೇನೂ ಹೆಚ್ಚಲ್ಲ.

ತಂಪಿನ ವಿಚಾರದಲ್ಲಿ ಪಿಎಚ್‌ಸಿ ಮುಂದೆ. ಅಲ್ಲಿನ ಐಎಲ್‌ಆರ್ ಎಂಬ ಲಸಿಕೆ ಫ್ರಿಜ್ ಪೆಟ್ಟಿಗೆ ದಿನಕ್ಕೆ 8 ಗಂಟೆ ಕರೆಂಟ್ ಸಿಕ್ಕರೂ 2ರಿಂದ 8 ಡಿಗ್ರಿ ಕಾಯುತ್ತದೆ. ಕ್ಲಿನಿಕ್‌ನಲ್ಲಿ ಮನೆ ಫ್ರಿಜ್ಜಿನ ಬಾಗಿಲಲ್ಲಿ ಲಸಿಕೆ ಇಟ್ಟಿದ್ದು ಕಂಡರೆ ವಾಪಸ್ ಬನ್ನಿ. ಅಂಗನವಾಡಿಗೆ ಬರುವ ಡಬ್ಬಿಯಲ್ಲಿ ನಾಲ್ಕು ಐಸ್ ಪ್ಯಾಕ್ ಇರುತ್ತವೆ. ಅಲ್ಲಾಡಿಸಿದರೆ ಒಳಗೆ ನೀರು ಕುಲುಕಬೇಕು. ಕಲ್ಲಿನಂತಿದ್ದರೆ ಪೆಂಟಾ ಹೆಪ್ಪುಗಟ್ಟಿ ಕೆಡುತ್ತದೆ. ಸೀಸೆಯ ಮೇಲಿನ ಗುರುತಿನಲ್ಲಿ ಒಳಗಿನ ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿರಬೇಕು. ಅದು ಬಿಸಿ ತಗುಲಿದ್ದನ್ನಷ್ಟೇ ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನಲ್ಲ.

ಎಲ್ಲೇ ಹಾಕಿಸಿದರೂ ತಾಯಿ ಕಾರ್ಡ್‌ನಲ್ಲೇ ಬರೆಸಿ, ಅರ್ಧ ಗಂಟೆ ಅಲ್ಲೇ ಕೂತಿರಿ. ತೊಡೆ ತಿಕ್ಕಬೇಡಿ, ಶಾಖ ಕೊಡಬೇಡಿ. ಜ್ವರದ ಔಷಧದಲ್ಲಿ ಮಾತ್ರ ಜಾಗ್ರತೆ: ಪ್ಯಾರಾಸಿಟಮಾಲ್ ಹನಿ ಸೀಸೆಯಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ಗೆ 100 ಮಿ.ಗ್ರಾಂ. ಇದ್ದರೆ ಸಿರಪ್‌ನಲ್ಲಿ 5 ಎಂ.ಎಲ್.ಗೆ 125. ಪಿಎಚ್‌ಸಿ ಸಿರಪ್‌ಗೆ ಹೇಳಿದ ಅಳತೆಯಲ್ಲಿ ಕ್ಲಿನಿಕ್ ಹನಿ ಕುಡಿಸಿದರೆ ನಾಲ್ಕು ಪಟ್ಟು ಔಷಧ ಹೋಗುತ್ತದೆ.