ಕಳೆದುಹೋಗಿದ್ದ ಮೆಲುದನಿ: ಬೆಳಗಾವಿಯ ಧ್ವನಿ ಚಿಕಿತ್ಸಾ ಕೇಂದ್ರವೊಂದರಲ್ಲಿ ಹತ್ತು ವಾರ

ಬೆಳಗಾವಿಯ ತಿಲಕವಾಡಿಯಲ್ಲಿರುವ ಒಂದು ಚಿಕ್ಕ ಧ್ವನಿ ಚಿಕಿತ್ಸಾ ಕೇಂದ್ರಕ್ಕೆ ಕಳೆದ ಚಳಿಗಾಲದಲ್ಲಿ ನಾನು ಹತ್ತು ವಾರ ಹೋಗಿ ಬಂದೆ. ವಚನ ಮತ್ತು ತತ್ವಪದಗಳನ್ನು ಗಿಟಾರ್, ಡ್ರಮ್ಸ್‌ಗಳೊಡನೆ ಹಾಡುವ ರಾಕ್ ತಂಡವೊಂದರಲ್ಲಿ 11 ವರ್ಷಗಳಿಂದ ಮುಖ್ಯ ಗಾಯಕಿಯಾಗಿದ್ದೇನೆ. ಕಂಠ ಪೂರ್ತಿ ಕೈಕೊಟ್ಟಿತ್ತೆಂದು ಅಲ್ಲಿಗೆ ಹೋದದ್ದಲ್ಲ. ತಾರಸ್ಥಾಯಿಯಲ್ಲಿ ಕೂಗಿ ಹಾಡುವುದು ಮೊದಲಿನಂತೆಯೇ ಸಾಧ್ಯವಾಗುತ್ತಿತ್ತು. ಆದರೆ ವಾದ್ಯಗಳೆಲ್ಲ ಸುಮ್ಮನಾಗಿ ನಾನೊಬ್ಬಳೇ ಮೆಲ್ಲಗೆ ಎತ್ತಿಕೊಳ್ಳಬೇಕಾದ ಸಾಲು ಬಂದಾಗ ದನಿಗಿಂತ ಮೊದಲು ಬರಿಯ ಗಾಳಿ ಹೊರಬರುತ್ತಿತ್ತು. ಒಂದು ಕಾರ್ಯಕ್ರಮದಲ್ಲಿ ಆ ಸಾಲನ್ನು ಕೈಬಿಟ್ಟು, ಇನ್ನೊಂದರಲ್ಲಿ ಅದನ್ನೂ ಕೂಗಿಯೇ ಹಾಡಿ ಮುಗಿಸಿದ ರಾತ್ರಿ, ಹಾಡಿನ ಅರ್ಥವನ್ನೇ ಕೆಡಿಸುತ್ತಿದ್ದೇನೆ ಎಂಬುದು ನನಗೆ ಮನವರಿಕೆಯಾಯಿತು.

ಕಿವಿ, ಮೂಗು, ಗಂಟಲಿನ ವೈದ್ಯರು ಸ್ಟ್ರೋಬೊಸ್ಕೋಪಿ ಮಾಡಿಸಿ ಬರಲು ಹೇಳಿದ್ದರು. ಸಣ್ಣ ಕ್ಯಾಮೆರಾವನ್ನು ಗಂಟಲಿನೊಳಗೆ ಒಯ್ದು, ಮಿನುಗುವ ಬೆಳಕಿನಲ್ಲಿ ಧ್ವನಿತಂತುಗಳ ಚಲನೆಯನ್ನು ನಿಧಾನಗೊಳಿಸಿದಂತೆ ತೋರಿಸುವ ಪರೀಕ್ಷೆ ಇದು. ಹೆಂಗಸರು ಮಾತನಾಡುವಾಗ ಈ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದನ್ನೊಂದು ತಾಗುತ್ತವೆ. ಸ್ವರ ಏರಿದಂತೆ ಆ ಸಂಖ್ಯೆಯೂ ಏರುತ್ತದೆ. ಜೋರಾಗಿ ಹಾಡಿದಾಗ ಪ್ರತಿ ತಾಗುವಿಕೆಯೂ ಒಂದು ಪೆಟ್ಟಾಗುತ್ತದೆ. ವರ್ಷಗಟ್ಟಲೆ ಪೆಟ್ಟು ಬಿದ್ದ ಜಾಗದಲ್ಲಿ, ಅಂದರೆ ತಂತುಗಳ ಮುಂದಿನ ಮೂರನೇ ಒಂದು ಭಾಗ ಮುಗಿಯುವ ಎಡೆಯಲ್ಲಿ, ನನಗೆ ಎರಡೂ ಕಡೆ ಪುಟ್ಟ ಗಂಟುಗಳು ಎದ್ದಿದ್ದವು. ಗಂಟುಗಳು ಅಡ್ಡ ನಿಂತುದರಿಂದ ಅಂಚುಗಳು ಸರಿಯಾಗಿ ಕೂಡುತ್ತಿರಲಿಲ್ಲ. ಉಸಿರನ್ನು ಬಲವಾಗಿ ದೂಡಿದರೆ ಹೇಗೋ ದನಿ ಹೊರಡುತ್ತದೆ, ಮೆಲ್ಲಗೆ ಹಾಡಿದರೆ ಸಂದಿಯಿಂದ ಗಾಳಿ ಸೋರುತ್ತದೆ. ಗಟ್ಟಿ ದನಿ ಉಳಿದಿದೆಯಲ್ಲ ಎಂದು ಧೈರ್ಯದಿಂದಿದ್ದ ನನಗೆ ಈ ಒಂದು ವಿವರಣೆಗಾಗಿಯೇ ಆ ಕೇಂದ್ರದ ಮೇಲೆ ಗೌರವ ಮೂಡಿತು.

ಮೊದಲ ದಿನ ಚಿಕಿತ್ಸಕಿ ನನ್ನಿಂದ ಒಂದು ಸ್ವರವನ್ನೂ ಹಾಡಿಸಲಿಲ್ಲ. "ರಾತ್ರಿ ಉಣ್ಣೋದು ಎಷ್ಟಕ್ಕರೀ, ಮಲಗೋದು ಎಷ್ಟಕ್ಕರೀ?" ಎಂಬಲ್ಲಿಂದ ಆರಂಭಿಸಿ, ಮುಕ್ಕಾಲು ಗಂಟೆ ನನ್ನ ವಾರದ ದಿನಚರಿಯನ್ನು ಬರೆದುಕೊಂಡರು. ನಾನು ಹೇಳಿದ್ದು ಇಷ್ಟು: ಶನಿವಾರ ಮಧ್ಯಾಹ್ನ ಚೋರ್ಲಾ ಘಟ್ಟ ಇಳಿದು ಗೋವಾ, ರಾತ್ರಿ ಎರಡು ಗಂಟೆಗಳ ಹಾಡು, ಮುಗಿದ ಮೇಲೆ ಧ್ವನಿವರ್ಧಕದ ಗದ್ದಲದಲ್ಲಿಯೇ ನಿಂತು ಅಭಿಮಾನಿಗಳೊಡನೆ ಕೂಗಿ ಕೂಗಿ ಮಾತು, ಒಂದೆರಡು ಗ್ಲಾಸು, ನಾಲ್ಕೈದು ಸಿಗರೇಟು, ನಡುರಾತ್ರಿಯ ಮೇಲೆ ಖಾರದ ಊಟ, ಎಸಿ ಹಾಕಿದ ಗಾಡಿಯಲ್ಲಿ ಹರಟುತ್ತ ಬೆಳಗಿನ ಜಾವ ಊರು ಸೇರಿ, ಬಂದೊಡನೆ ಹಾಸಿಗೆ, ಸೋಮವಾರ ಒಂಬತ್ತಕ್ಕೆ ಕಾಲೇಜಿನಲ್ಲಿ ಮೈಕಿಲ್ಲದೆ ಪಾಠ. ಹೇಳುತ್ತ ಹೋದಂತೆ ನನಗೇ ನಾಚಿಕೆಯಾಯಿತು. ಅವರು ಮಾತ್ರ ಬೈಯಲಿಲ್ಲ, ಒಂದೊಂದೂ ಗಂಟಲಿಗೆ ಏನು ಮಾಡುತ್ತದೆಂದು ತಿಳಿಸಿಕೊಟ್ಟರು. ಉಂಡ ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಮೇಲೇರಿ ಧ್ವನಿಪೆಟ್ಟಿಗೆಯ ಹಿಂಬದಿಯನ್ನು ಸುಡಬಹುದು, ಅದಕ್ಕೆ ಎದೆ ಉರಿಯಲೇಬೇಕೆಂದಿಲ್ಲ. ಮದ್ಯವು ಆ ಆಮ್ಲವನ್ನು ತಡೆಯುವ ಸ್ನಾಯುವನ್ನು ಸಡಿಲಿಸುವುದಲ್ಲದೆ, ಗಂಟಲು ನೋಯುತ್ತಿದೆ ಎಂಬ ಅರಿವನ್ನೂ ಮಂಕಾಗಿಸುತ್ತದೆ. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲಿಯೇ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಉಳಿದಿದೆ. ಸಿಗರೇಟಿನ ವಿಷಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಿಸಿತು. ಹೊಗೆಯಿಂದ ತಂತುಗಳು ಊದಿಕೊಂಡು ಭಾರವಾದಾಗ ದನಿ ಕೆಳಗಿಳಿಯುತ್ತದೆ. ದನಿಗೆ ತೂಕ ಬಂದಿದೆಯೆಂದು ತಂಡದವರು ಎರಡು ವರ್ಷಗಳಿಂದ ಹೊಗಳುತ್ತಿದ್ದುದು, ಬಹುಶಃ ಆ ಊತವನ್ನೇ.

ರಾಕ್ ಹಾಡುವವರಲ್ಲಿ ಒಂದು ಗಾಢವಾದ ನಂಬಿಕೆಯಿದೆ: ಬದುಕು ಒರಟಾದಷ್ಟೂ ದನಿಯಲ್ಲಿ ಸತ್ಯ ತುಂಬುತ್ತದೆ ಎಂಬುದು. ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಹೆಸರನ್ನು ಇದಕ್ಕೆ ಎಳೆದು ತರುತ್ತಾರೆ. ಅವರು 1970ರಲ್ಲಿ ತೀರಿಕೊಂಡಾಗ ವಯಸ್ಸು 27 ಮಾತ್ರ. ಆ ಕಂಠ ನಲವತ್ತರಲ್ಲಿ ಏನು ಹಾಡುತ್ತಿತ್ತೆಂದು ಕೇಳುವ ಅವಕಾಶವೇ ನಮಗೆ ಉಳಿಯಲಿಲ್ಲ. ಇಂಗ್ಲೆಂಡಿನ ಗಾಯಕಿ ಮರಿಯಾನ್ ಫೇತ್‌ಫುಲ್ ಅವರದು ಇನ್ನೂ ಕಠಿಣ ಉದಾಹರಣೆ. 1964ರಲ್ಲಿ ತಿಳಿನೀರಿನಂತಿದ್ದ ಅವರ ದನಿ, ಗಂಟಲಿನ ಬೇನೆ, ಮಾದಕ ವಸ್ತು, ಧೂಮಪಾನಗಳನ್ನು ಹಾದು 1979ರ ಹೊತ್ತಿಗೆ ಬಿರುಕು ಬಿಟ್ಟಿತ್ತು, ಮತ್ತು ಆ ಬಿರುಕು ದನಿಯಲ್ಲಿಯೇ ಅವರು ತಮ್ಮ ಅತ್ಯಂತ ಗಟ್ಟಿ ಕೆಲಸಗಳಲ್ಲಿ ಒಂದನ್ನು ಮಾಡಿದರು. ಇದನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಕಲೆ ಹುಟ್ಟಿದ್ದು ಉಳಿದ ದನಿಯನ್ನು ಅವರು ಬಳಸಿಕೊಂಡ ಬಗೆಯಿಂದ, ದನಿ ಹಾಳಾದುದರಿಂದಲ್ಲ. ಇದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಂತೆ ದಪ್ಪವಾಯಿತು. ನಮ್ಮ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯದಿಂದಾಗಿ ವರ್ಷಗಟ್ಟಲೆ ಹಾಡದೆ ಇದ್ದು, ಬಳಿಕ ದುರ್ಬಲವಾದ ಶ್ವಾಸಕ್ಕೆ ಒಗ್ಗುವಂತೆ ಸಣ್ಣ ಸಣ್ಣ ತುಣುಕುಗಳ ಗಾಯನವನ್ನು ಕಟ್ಟಿಕೊಂಡರು. ಕಾಯಿಲೆ ಅವರಿಬ್ಬರನ್ನೂ ಕೇಳಿ ಬಂದದ್ದಲ್ಲ. ನನ್ನ ಗಂಟುಗಳನ್ನು ವಾರಕ್ಕೊಮ್ಮೆ ನಾನೇ ಬೆಳೆಸುತ್ತಿದ್ದೆ.

ಗಂಟುಗಳಿಗೆ ಸಾಮಾನ್ಯವಾಗಿ ಮೊದಲ ಉಪಾಯ ಶಸ್ತ್ರಚಿಕಿತ್ಸೆಯಲ್ಲ, ಅಭ್ಯಾಸ. ಸ್ಟ್ರಾವನ್ನು ಅರ್ಧ ಲೋಟ ನೀರಿನಲ್ಲಿ ಇಳಿಸಿ, ಗುಳ್ಳೆ ಏಳುವಂತೆ ಸ್ವರ ಹಿಡಿಯುವುದನ್ನು ಅವರು ಮೊದಲು ಕಲಿಸಿದರು. ಬಾಯಿ ಬಹುಪಾಲು ಮುಚ್ಚಿದಾಗ ಹಿಮ್ಮೊಗವಾಗಿ ಬರುವ ಒತ್ತಡವು ತಂತುಗಳ ಪೆಟ್ಟನ್ನು ತಗ್ಗಿಸುತ್ತದೆ. ಮಕ್ಕಳಾಟದಂತೆ ಕಾಣುವ ಈ ಅಭ್ಯಾಸವನ್ನು ದಿನಕ್ಕೆ ಐದಾರು ಸಲ ಮಾಡಿದೆ. ಜೇಷ್ಠಮಧು, ಶುಂಠಿ ಕಷಾಯಗಳ ಬಗ್ಗೆ ಕೇಳಿದಾಗ, ಕುಡಿದದ್ದು ಅನ್ನನಾಳಕ್ಕೆ ಇಳಿಯುತ್ತದೆ, ತಂತುಗಳನ್ನು ಮುಟ್ಟುವುದೇ ಇಲ್ಲ ಎಂದರು. ಅವಕ್ಕೆ ನೇರವಾಗಿ ತಾಗುವುದು ಬರಿಯ ಬಿಸಿನೀರಿನ ಹಬೆ. ದನಿ ಕಟ್ಟಿದಾಗ ಪಿಸುಗುಟ್ಟುವುದನ್ನೂ ಬಿಡಿಸಿದರು. ಊಟಕ್ಕೂ ನಿದ್ದೆಗೂ ಮೂರು ಗಂಟೆ ಅಂತರ, ಸಿಗರೇಟಿಗೆ ಪೂರ್ಣವಿರಾಮ, ತರಗತಿಗೆ ಮೈಕು, ವೇದಿಕೆಯಲ್ಲಿ ನನ್ನ ದನಿ ನನಗೆ ಕೇಳುವಂತೆ ಕಿವಿಯೊಳಗಿನ ಮಾನಿಟರ್, ಇವು ಅವರ ಶರತ್ತುಗಳಾಗಿದ್ದವು. ಅತ್ಯಂತ ಕಷ್ಟವಾದದ್ದು ಕಾರ್ಯಕ್ರಮದ ನಂತರ ಸುಮ್ಮನಿರುವುದು. ಮಾತನಾಡದ ಗಾಯಕಿಯನ್ನು ಜನ ಅಹಂಕಾರಿ ಎಂದುಕೊಳ್ಳುತ್ತಾರೆ.

ಕೇಂದ್ರದ ಕೊರತೆಗಳನ್ನೂ ಹೇಳಬೇಕು. ಸಂಜೆ ಆರರ ನಂತರ ಅವರು ಸಮಯ ಕೊಡುವುದಿಲ್ಲ, ಹೀಗಾಗಿ ನಾನು ಪ್ರತಿ ವಾರವೂ ಅರ್ಧ ದಿನ ರಜೆ ಹಾಕಬೇಕಾಯಿತು. ಮನೆಯ ಅಭ್ಯಾಸದ ಹಾಳೆ ಇಂಗ್ಲಿಷಿನಲ್ಲಿ ಮಾತ್ರವಿದೆ; ನನ್ನ ಪಕ್ಕದಲ್ಲಿ ಕುಳಿತಿದ್ದ ಬೈಲಹೊಂಗಲ ಕಡೆಯ ಶಾಲಾ ಶಿಕ್ಷಕಿಯೊಬ್ಬರಿಗೆ ಅದನ್ನು ನಾನೇ ಓದಿ ಹೇಳಿದೆ. ಗೋಡೆಗಳು ತೆಳುವಾಗಿದ್ದು, ಹೊರಗೆ ಕಾಯುವವರಿಗೆ ಒಳಗಿನವರ ಒಡಕು ದನಿ ಕೇಳಿಸುತ್ತದೆ, ಇದು ಹಾಡುವವರಿಗೆ ಬಹಳ ಮುಜುಗರದ ಸಂಗತಿ. ಒಂದು ಸಲಕ್ಕೆ 600 ರೂಪಾಯಿ ಶುಲ್ಕ ನನಗೆ ಹೆಚ್ಚೆನಿಸಲಿಲ್ಲ, ಏಕೆಂದರೆ ಪ್ರತಿ ಸಲವೂ ಪೂರ್ತಿ ಮುಕ್ಕಾಲು ಗಂಟೆ ಕೊಟ್ಟರು.

ಹತ್ತನೆಯ ವಾರದ ಪರೀಕ್ಷೆಯಲ್ಲಿ ಗಂಟುಗಳು ಕುಗ್ಗಿದ್ದವು, ಪೂರ್ತಿ ಹೋಗಿರಲಿಲ್ಲ. ಮರುವಾರ ತಾಲೀಮಿನಲ್ಲಿ ಡ್ರಮ್ಸ್ ನಿಂತ ಜಾಗದಲ್ಲಿ ಆ ಮೆಲುಸಾಲನ್ನು ಎತ್ತಿಕೊಂಡಾಗ ಸ್ವರ ಗಾಳಿಯಿಲ್ಲದೆ ಹೊರಟಿತು. ಗಿಟಾರ್ ನುಡಿಸುವ ಹುಡುಗ ಮುಂದಿನ ಪೆಟ್ಟು ಮರೆತು ನನ್ನನ್ನೇ ನೋಡುತ್ತ ಕುಳಿತ. ಮೂರು ತಿಂಗಳ ನಂತರ ಮತ್ತೊಮ್ಮೆ ತೋರಿಸಲು ಹೇಳಿದ್ದಾರೆ. ಅಲ್ಲಿಯವರೆಗೆ ಗೋವಾದ ಕಾರ್ಯಕ್ರಮಗಳನ್ನು ತಿಂಗಳಿಗೆ ಎರಡಕ್ಕೆ ಇಳಿಸಿದ್ದೇವೆ, ರಾತ್ರಿಯ ಬುತ್ತಿಯನ್ನು ಮನೆಯಿಂದ ಕಟ್ಟಿಕೊಂಡು ಹೋಗಿ ಹಾಡುವ ಮೊದಲೇ ಉಣ್ಣುತ್ತೇನೆ.